'ಅವಳು' ಇದ್ದಲ್ಲಿ 'ನೀವು': ಒಂಬತ್ತನೇ ತರಗತಿಯಲ್ಲಿ 'ಶರಪಂಜರ'ದ ಎರಡು ಪಾಠಗಳು

ಹಿನ್ನೆಲೆ

ಬಿ.ಎಡ್. ಎರಡನೇ ವರ್ಷದ ಇಂಟರ್ನ್‌ಶಿಪ್‌ಗೆ ನನಗೆ ಸಿಕ್ಕಿದ್ದು ವೇಣೂರಿನ ಆಸುಪಾಸಿನ ಒಂದು ಪ್ರೌಢಶಾಲೆ. ಫಲ್ಗುಣಿ ನದಿಯ ದಡದ ಊರು ಇದು. 1604ರಲ್ಲಿ ಅಜಿಲ ಅರಸರು ನಿಲ್ಲಿಸಿದ ಬಾಹುಬಲಿ ಮೂರ್ತಿಯಿಂದ ಹೆಸರಾದದ್ದು. ತರಗತಿಯಲ್ಲಿ 34 ಮಕ್ಕಳು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಫೋನಿನಲ್ಲಿ ಎಲ್ಲ ಭಾಷೆ.

'ಶಿಕ್ಷಣದಲ್ಲಿ ನಾಟಕ ಮತ್ತು ಕಲೆ' ಎಂಬ ಪತ್ರಿಕೆಯ ಅಂಗವಾಗಿ ನಾವು ಒಂದು ಕಲಾಕೃತಿಯನ್ನು ಭಾಷಾ ಪಾಠಕ್ಕೆ ಜೋಡಿಸಬೇಕಿತ್ತು. ನಾನು ಸಿನಿಮಾ ಆರಿಸಿಕೊಂಡೆ. ಕಾರಣ ಸರಳ. ಮಕ್ಕಳ ಮಾತಿನಲ್ಲಿ ದಿನಕ್ಕೆ ಹತ್ತು ಸಲ ಬರುವುದು ಸಿನಿಮಾ; ಆದರೆ ಅದರ ಬಗ್ಗೆ ಅವರು ಹೇಳುವುದು ಎರಡೇ ಮಾತು: 'ಸೂಪರ್', 'ಬೋರ್'. 'ಬೋರ್' ಎಂದರೆ ಏನೆಂದು ಕೇಳಿದಾಗ ಒಬ್ಬ ಹುಡುಗ, "ದೊಡ್ಡವರ ಸಿನಿಮಾ ಟೀಚರ್. ಬರೀ ಮಾತು, ಅಳು" ಎಂದ. ಆ 'ದೊಡ್ಡವರ ಸಿನಿಮಾ' ಎಂಬ ಮಾತೇ ನನ್ನ ವಿಷಯವಾಯಿತು. ದೊಡ್ಡವರ ಬಾಳಿನ ಕಷ್ಟವನ್ನು ಗಂಭೀರವಾಗಿ ಹೇಳುವ ಚಿತ್ರಕ್ಕೆ, ಎಲ್ಲರೂ ಟಿಕೇಟು ಕೊಂಡು ನೋಡುವ ಸಿನಿಮಾದ ನಡುವೆ ಜಾಗ ಉಂಟೇ? ಇದ್ದರೆ, ಅದರಿಂದ ಯಾರಿಗೆ ಏನು ಉಪಯೋಗ?

ಈ ವಿಷಯದ ಮೇಲೆ ನಾನು ಎರಡು ಪಾಠ ಮಾಡಿದೆ. ಮೊದಲನೆಯದು ಕೆಟ್ಟಿತು. ಎರಡನೆಯದು ಅದನ್ನು ತಿದ್ದಿದ್ದು. ಎರಡನ್ನೂ ಇಲ್ಲಿ ಇಡುತ್ತಿದ್ದೇನೆ.

ವಿಷಯದ ತಯಾರಿ

ಮೊದಲು ಒಂದು ಪದವನ್ನು ಬಿಡಿಸಿಕೊಳ್ಳಬೇಕಾಯಿತು. ಮುಖ್ಯೋಪಾಧ್ಯಾಯರು ನನ್ನ ಪಾಠ ಯೋಜನೆ ನೋಡಿ, "ವಯಸ್ಕರ ಚಿತ್ರವಾ? ಮಕ್ಕಳಿಗೆ ಬೇಡ ಅಲ್ವಾ?" ಎಂದರು. ಪ್ರಶ್ನೆ ನ್ಯಾಯವಾದದ್ದೇ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಕೊಡುವ 'ಎ' ಪ್ರಮಾಣಪತ್ರದ ಚಿತ್ರವನ್ನು 18 ತುಂಬದವರಿಗೆ ತೋರಿಸುವಂತಿಲ್ಲ. 'ಯು' ಮತ್ತು 'ಎ' ನಡುವೆ 'ಯುಎ' ಬಂದದ್ದು 1983ರಲ್ಲಿ. 2024ರ ನಿಯಮಗಳು ಅದನ್ನು 7, 13, 16 ವರ್ಷ ಎಂದು ಮೂರಾಗಿ ಒಡೆದವು. ಆದರೆ ಈ ಅಕ್ಷರಗಳು ಚಿತ್ರವನ್ನು ಯಾರು ನೋಡಬಹುದು ಎಂದಷ್ಟೇ ಹೇಳುತ್ತವೆ. ಅದು ಮಾಗಿದ ಚಿತ್ರವೋ ಅಲ್ಲವೋ ಎಂಬುದನ್ನು ಹೇಳುವುದಿಲ್ಲ. ರಕ್ತ ಹರಿಸಿ 'ಎ' ಪಡೆದ ಚಿತ್ರ ತೀರಾ ಬಾಲಿಶವಾಗಿರಬಹುದು. ಕನ್ನಡದಲ್ಲಿ 'ವಯಸ್ಕ' ಬೇರೆ, 'ಪ್ರೌಢ' ಬೇರೆ. ನಾವು ಮಕ್ಕಳನ್ನು ಕೂರಿಸುವುದು ಪ್ರೌಢಶಾಲೆಯಲ್ಲಿ ಎಂಬುದನ್ನು ನೆನಪಿಸಿದಾಗ ಮುಖ್ಯೋಪಾಧ್ಯಾಯರು ನಕ್ಕು ಸಹಿ ಹಾಕಿದರು. ಒಂದು ಷರತ್ತು: ಚಿತ್ರವನ್ನು ತರಗತಿಯಲ್ಲಿ ತೋರಿಸುವುದು ಬೇಡ, ಕತೆ ಹೇಳಿ ಚರ್ಚಿಸಿದರೆ ಸಾಕು. ನಾನು ಒಪ್ಪಿದೆ.

ಆರಿಸಿಕೊಂಡ ಚಿತ್ರ 'ಶರಪಂಜರ'. 1971ರದ್ದು, ನಿರ್ದೇಶನ ಪುಟ್ಟಣ್ಣ ಕಣಗಾಲ್, ಮೂಲ ತ್ರಿವೇಣಿಯವರ ಕಾದಂಬರಿ. ತ್ರಿವೇಣಿ ಮನಃಶಾಸ್ತ್ರ ಓದಿದವರು; ಮನಸ್ಸಿನ ಕಾಯಿಲೆಯನ್ನು ಶಾಪ, ಗ್ರಹಚಾರ ಎನ್ನದೆ ಕಾಯಿಲೆಯೆಂದೇ ಬರೆದವರು. ಕಾವೇರಿಯಾಗಿ ಕಲ್ಪನಾ, ಗಂಡನಾಗಿ ಗಂಗಾಧರ್. ಕತೆಯ ಎಳೆ ಇಷ್ಟು: ಸುಖವಾಗಿದ್ದ ಕಾವೇರಿ ಎರಡನೇ ಹೆರಿಗೆಯ ನಂತರ ಮಾನಸಿಕ ಕಾಯಿಲೆಗೆ ಬೀಳುತ್ತಾಳೆ. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಆದರೆ ಮನೆ, ನೆರೆಕರೆ ಎಲ್ಲವೂ ಅವಳನ್ನು 'ಹುಚ್ಚಿ' ಎಂದೇ ನೋಡುತ್ತವೆ. ಗಂಡ ಬೇರೊಬ್ಬಳತ್ತ ವಾಲಿರುತ್ತಾನೆ. ಗುಣವಾದವಳು ಆ ನೋಟಗಳ ಬಾಣಗಳ ನಡುವೆ ಮತ್ತೆ ಕುಸಿದು ಆಸ್ಪತ್ರೆ ಸೇರುತ್ತಾಳೆ.

ಇದನ್ನೇ ಆರಿಸಲು ಕಾರಣವಿದೆ. ಅದಕ್ಕೂ ಒಂದು ವರ್ಷ ಹಿಂದೆ, 1970ರಲ್ಲಿ, ಪಟ್ಟಾಭಿರಾಮ ರೆಡ್ಡಿಯವರ 'ಸಂಸ್ಕಾರ' ಸೆನ್ಸಾರ್ ತಡೆಯನ್ನು ದಾಟಿ ಬಂದು ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದಿತ್ತು. ಆಮೇಲೆ ನಮ್ಮದೇ ಬಂಟ್ವಾಳ ತಾಲೂಕಿನ ಮಂಚಿಯವರಾದ ಬಿ.ವಿ. ಕಾರಂತರ 'ಚೋಮನ ದುಡಿ' (1975), ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಅದೇ ಗೌರವ ಪಡೆದವು. ಇವು ಒಂದು ದಾರಿ. ಪುಟ್ಟಣ್ಣನವರದ್ದು ಇನ್ನೊಂದು. ಜನಪ್ರಿಯ ತಾರೆ, ಹಾಡು, ಸೀರೆ, ಕಣ್ಣೀರು ಎಲ್ಲವನ್ನೂ ಇಟ್ಟುಕೊಂಡೇ ಅವರು ಗಂಭೀರ ವಿಷಯ ಹೇಳಿದರು. 'ಶರಪಂಜರ'ದಲ್ಲಿ ಬೇಂದ್ರೆಯವರ ಕವಿತೆಯೊಂದು ಪ್ರೇಮಗೀತೆಯಾಗಿ ಮನೆಮಾತಾಯಿತು. ಚಿತ್ರಮಂದಿರಗಳಲ್ಲಿ ದೀರ್ಘಕಾಲ ಓಡಿದ ಚಿತ್ರಕ್ಕೆ ಕನ್ನಡದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರ ಪ್ರಶಸ್ತಿಯೂ ಬಂತು. ಮುಖ್ಯವಾಹಿನಿಯ ಒಳಗೇ ಪ್ರೌಢ ಕತೆ ನಿಂತದ್ದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಕಾಣಲಿಲ್ಲ.

ಕಲಿಕಾ ಉದ್ದೇಶಗಳು

1. ಕತೆಯಲ್ಲಿ 'ಏನಾಯಿತು' ಎಂಬುದನ್ನೂ 'ಯಾರು ಹೇಗೆ ನಡೆದುಕೊಂಡರು' ಎಂಬುದನ್ನೂ ಬೇರ್ಪಡಿಸಿ ಹೇಳುವುದು.
2. ಮಾನಸಿಕ ಕಾಯಿಲೆಯ ಬಗ್ಗೆ ಬಳಸುವ ಮಾತುಗಳನ್ನು ಗುರುತಿಸಿ, ಬದಲಿ ಮಾತು ಸೂಚಿಸುವುದು.
3. ಒಂದು ಚಿತ್ರವನ್ನು 'ಸೂಪರ್', 'ಬೋರ್' ಎನ್ನದೆ ಐದು ವಾಕ್ಯಗಳಲ್ಲಿ ವಿಮರ್ಶಿಸುವುದು.

ಎರಡನೇ ಪಾಠದ ನಡುವೆ ನಾಲ್ಕನೆಯದೊಂದು ಸೇರಿತು. ಅದನ್ನು ಮುಂದೆ ಹೇಳುತ್ತೇನೆ.

ಮೊದಲ ಪಾಠ

5ಇ ಮಾದರಿಯಲ್ಲಿ ಯೋಜಿಸಿದ್ದೆ. ತೊಡಗಿಸಿಕೊಳ್ಳುವ ಹಂತದಲ್ಲಿ ಕತೆ ಹೇಳಿದೆ. ಮಕ್ಕಳು ಕೇಳಿದರು. ಅನ್ವೇಷಣೆಯ ಹಂತಕ್ಕೆ ಪಾತ್ರಾಭಿನಯ ಇಟ್ಟಿದ್ದೆ: ಆಸ್ಪತ್ರೆಯಿಂದ ಬಂದ ಕಾವೇರಿ, ಅವಳ ಗಂಡ, ಒಬ್ಬ ನೆರೆಮನೆಯವಳು. ಹುಡುಗಿಯರು ಯಾರೂ ಕಾವೇರಿಯಾಗಲು ಒಪ್ಪಲಿಲ್ಲ. ಆಗ ತರಗತಿಯ ವಿನೋದಗಾರ ಹುಡುಗನೊಬ್ಬ ತಾನೇ ಎದ್ದು ಬಂದ. ನಾನು ಬೇಡ ಎನ್ನಬೇಕಿತ್ತು. ಅನ್ನಲಿಲ್ಲ, ಪಾಠ ನಿಲ್ಲಬಾರದೆಂಬುದೇ ನನ್ನ ತಲೆಯಲ್ಲಿತ್ತು.

ಅವನು ಕೂದಲು ಕೆದರಿಕೊಂಡ, ಕಣ್ಣು ತಿರುಗಿಸಿದ, ಸುಮ್ಮಸುಮ್ಮನೆ ನಕ್ಕ. ಹಿಂದಿನ ಬೆಂಚಿನಿಂದ ಯಾರೋ ತುಳುವಿನಲ್ಲಿ "ಮರ್ಲ್, ಮರ್ಲ್" ಎಂದು ಕೂಗಿದರು. ತರಗತಿ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕಿರಬೇಕು, ವೀಕ್ಷಣೆಗೆ ಬಂದಿದ್ದ ಸಹಪಾಠಿ ಆಮೇಲೆ ಹಾಗೆಂದಳು. ಘಂಟೆ ಹೊಡೆಯಿತು. ವೀಕ್ಷಣಾ ಪುಸ್ತಕದಲ್ಲಿ ನಮ್ಮ ವಿಧಾನ ಬೋಧಕರು ಬರೆದದ್ದು ಒಂದೇ ಸಾಲು: "ಮಕ್ಕಳ ಪಾಲ್ಗೊಳ್ಳುವಿಕೆ ಚೆನ್ನಾಗಿತ್ತು; ಯಾವುದರಲ್ಲಿ ಪಾಲ್ಗೊಂಡರು ಎಂದು ಯೋಚಿಸಿ."

ಮಧ್ಯಾಹ್ನದ ಊಟದ ಹೊತ್ತಿಗೆ ಒಬ್ಬಳು ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ಪುಸ್ತಕ ಕೊಡಲು ಬಂದವಳಂತೆ ಪುಸ್ತಕ ಕೊಟ್ಟು, ಹೋಗದೆ ನಿಂತು, ಹೇಳಿದಳು: "ನನ್ನ ದೊಡ್ಡಮ್ಮನಿಗೂ ಹಾಗೆಯೇ ಉಂಟು ಟೀಚರ್. ಆದ್ರೆ ಅವರು ಹಾಗೆಲ್ಲ ಮಾಡುದಿಲ್ಲ. ಸುಮ್ಮನೆ ಕೂತಿರ್ತಾರೆ. ನೆಂಟರು ಬಂದ್ರೆ ಒಳಗಿನ ಕೋಣೆಯಲ್ಲಿ ಕೂತ್ಕೊಳ್ಳಿಕ್ಕೆ ಹೇಳ್ತಾರೆ."

ನನಗೆ ಉತ್ತರ ತೋಚಲಿಲ್ಲ. "ನೀನು ಹೇಳಿದ್ದು ಒಳ್ಳೆಯದಾಯಿತು" ಎಂದಷ್ಟೇ ಅಂದೆ. ಕಾವೇರಿಯನ್ನು 'ಹುಚ್ಚಿ' ಎಂದು ನೋಡಿದ ಆ ನೆರೆಕರೆಯನ್ನು ನಾನು ತರಗತಿಯಲ್ಲೇ ಕಟ್ಟಿದ್ದೆ. ಅದೂ ಆ ಹುಡುಗಿಯ ಕಣ್ಣೆದುರು.

ಪಾಠ ಏಕೆ ಕೆಟ್ಟಿತು

ಅಂದು ರಾತ್ರಿ ಬರೆದುಕೊಂಡ ಟಿಪ್ಪಣಿಯಿಂದ:

ಒಂದು, ಕಾಯಿಲೆಯನ್ನು ಅಭಿನಯಿಸಲು ಹೇಳಿದೆ. ಮಕ್ಕಳಿಗೆ ಗೊತ್ತಿರುವುದು ಹಾಸ್ಯ ದೃಶ್ಯಗಳ 'ಹುಚ್ಚು' ಮತ್ತು ಭೂತದ ಸಿನಿಮಾಗಳ 'ಹುಚ್ಚು'. ಅವರು ಅದನ್ನೇ ತಂದರು, ತಪ್ಪು ಅವರದ್ದಲ್ಲ.

ಎರಡು, ಚಿತ್ರದ ಕೇಂದ್ರ ಕಾವೇರಿಯ ಕಾಯಿಲೆ ಎಂದುಕೊಂಡಿದ್ದೆ. ಅದು ಅಲ್ಲ. ಗುಣವಾದವಳ ಸುತ್ತ ಉಳಿದವರು ಹೇಗೆ ನಡೆದುಕೊಂಡರು ಎಂಬುದು. ಅಭಿನಯಿಸಬೇಕಾದದ್ದು ಉಳಿದವರನ್ನು.

ಮೂರು, ಪಾಠ ಓಡಬೇಕೆಂಬ ಅವಸರ. ಟೀಕಾ ಪಾಠದ ದಿನ ತರಗತಿ ಮೌನವಾದರೆ ಅಂಕ ಹೋಗುತ್ತದೆ ಎಂಬ ಭಯ ನಮ್ಮೆಲ್ಲರಿಗೂ ಇದೆ. ನಗು ಬಂದಾಗ ಪಾಠ ಗೆದ್ದಿತು ಎಂದುಕೊಳ್ಳುತ್ತೇವೆ.

ಎರಡನೇ ಪಾಠ

ಮಾರ್ಗದರ್ಶಕ ಶಿಕ್ಷಕಿಯವರು ತಮ್ಮ ಅವಧಿಯೊಂದನ್ನು ಬಿಟ್ಟುಕೊಟ್ಟರು. ಈ ಸಲ ತರಗತಿಯ ನಡುವೆ ಒಂದು ಖಾಲಿ ಕುರ್ಚಿ ಇಟ್ಟೆ. "ಇದರಲ್ಲಿ ಕಾವೇರಿ ಕೂತಿದ್ದಾರೆ. ಆಸ್ಪತ್ರೆಯಿಂದ ಗುಣವಾಗಿ ನಿನ್ನೆ ಬಂದಿದ್ದಾರೆ. ಅವರ ಪಾತ್ರ ಯಾರೂ ಮಾಡುವುದಿಲ್ಲ" ಎಂದೆ. ಮಕ್ಕಳನ್ನು ಗುಂಪು ಮಾಡಿ ಒಂದೊಂದು ಚೀಟಿ ಕೊಟ್ಟೆ: ಮನೆಯವರು, ನೆರೆಮನೆಯವರು, ಮನೆಗೆಲಸಕ್ಕೆ ಬರುವವರು, ದೂರದ ನೆಂಟರು, ಗಂಡನ ಸ್ನೇಹಿತರು. ಪ್ರತಿ ಗುಂಪೂ ಆ ಮನೆಗೆ ಬಂದಾಗ ಆಡಬಹುದಾದ ಎರಡು ಮಾತು ಬರೆದು ಹೇಳಬೇಕು. ಇವು ಚಿತ್ರದ ಸಂಭಾಷಣೆಗಳಲ್ಲ, ಮಕ್ಕಳೇ ಊಹಿಸಿದವು. ಕಪ್ಪು ಹಲಗೆಯ ಮೇಲೆ ಬಂದ ಸಾಲುಗಳಲ್ಲಿ ಕೆಲವು:

"ಈಗ ಹೇಗಿದ್ದಾಳೆ? ರಾತ್ರಿ ನಿದ್ರೆ ಮಾಡ್ತಾಳಾ?"
"ಮಗುವನ್ನು ಅವಳ ಕೈಗೆ ಕೊಡಬೇಡಿ."
"ಒಲೆ ಹತ್ತಿರ ಬಿಡಬೇಡಿ ಅವಳನ್ನು."
"ಪಾಪ, ಎಷ್ಟು ಚೆಂದ ಇದ್ದಳು."
"ಅವಳಿಗೆ ಚಾ ಆಯ್ತಾ?"

ಯಾರೂ ನಗಲಿಲ್ಲ. "ಈ ಎಲ್ಲ ವಾಕ್ಯಗಳಲ್ಲಿ ಸಮಾನವಾದದ್ದು ಏನು?" ಎಂದು ಕೇಳಿದೆ. 'ಎಲ್ಲರೂ ಹೆದರಿದ್ದಾರೆ', 'ಎಲ್ಲರೂ ಪಾಪ ಅಂತಾರೆ' ಎಂಬ ಉತ್ತರಗಳು ಬಂದವು. ಆಮೇಲೆ ಕಿಟಕಿ ಬದಿಯ ಒಬ್ಬಳು ಎದ್ದು ನಿಂತಳು: "ಟೀಚರ್, ಅವರು ಅಲ್ಲಿಯೇ ಕೂತಿದ್ದಾರಲ್ಲ? ಅವರ ಹತ್ರವೇ ಯಾಕೆ ಯಾರೂ ಕೇಳುದಿಲ್ಲ?"

ನನ್ನ ಯೋಜನೆಯಲ್ಲಿ ಇಲ್ಲದ ವ್ಯಾಕರಣ ಪಾಠ ಅಲ್ಲಿಂದ ಶುರುವಾಯಿತು. ಉತ್ತಮ ಪುರುಷ, ಮಧ್ಯಮ ಪುರುಷ, ಪ್ರಥಮ ಪುರುಷ: ಮಕ್ಕಳು ಹಿಂದೆಯೇ ಕಲಿತಿದ್ದರು. ಹಲಗೆಯ ಮೇಲಿನ ಪ್ರತಿ ವಾಕ್ಯದಲ್ಲೂ ಕಾವೇರಿ ಪ್ರಥಮ ಪುರುಷ. ಎದುರಿಗೇ ಕೂತಿದ್ದರೂ 'ಅವಳು'. ಇವನ್ನು ಮಧ್ಯಮ ಪುರುಷಕ್ಕೆ ತಿರುಗಿಸಿ ಎಂದೆ. 'ಅವಳಿಗೆ ಚಾ ಆಯ್ತಾ?' ಎಂಬುದು 'ನಿಮಗೆ ಚಾ ಆಯ್ತಾ?' ಆಯಿತು. 'ರಾತ್ರಿ ನಿದ್ರೆ ಮಾಡ್ತಾಳಾ?' ಎಂಬುದು 'ನಿದ್ರೆ ಬಂತಾ ನಿಮಗೆ?' ಆಯಿತು. ಆದರೆ 'ಒಲೆ ಹತ್ತಿರ ಬಿಡಬೇಡಿ' ತಿರುಗಲಿಲ್ಲ. ಎಷ್ಟು ಯತ್ನಿಸಿದರೂ 'ನಿಮ್ಮನ್ನು ಒಲೆ ಹತ್ತಿರ ಬಿಡಬಾರದಂತೆ' ಎಂದಾಯಿತು. "ಅದು ಮುಖಕ್ಕೆ ಹೇಳ್ಲಿಕ್ಕೆ ಆಗುದಿಲ್ಲ ಟೀಚರ್" ಎಂದ ಒಬ್ಬ. ಮುಖಕ್ಕೆ ಹೇಳಲಾಗದ ಮಾತನ್ನು ಎದುರಲ್ಲೇ ಹೇಳುವುದು ಹೇಗೆ ಸಾಧ್ಯವಾಗುತ್ತದೆ? 'ಅವಳು' ಎಂದುಬಿಟ್ಟರೆ ಸಾಧ್ಯವಾಗುತ್ತದೆ. ಇದನ್ನು ನಾನು ವಿವರಿಸಲಿಲ್ಲ. ಹಲಗೆ ನೋಡಿ ಮಕ್ಕಳೇ ಹೇಳಿದರು. ನಾಲ್ಕನೆಯ ಉದ್ದೇಶ ಹೀಗೆ ಬರೆಯಿತು: ಸರ್ವನಾಮದ ಪುರುಷ ಬದಲಾದಾಗ ಸಂಬಂಧ ಹೇಗೆ ಬದಲಾಗುತ್ತದೆ ಎಂದು ಗುರುತಿಸುವುದು.

ಅಷ್ಟರಲ್ಲಿ ಮೊದಲ ದಿನ ಕಾವೇರಿಯಾಗಿ ಕುಣಿದ ಹುಡುಗನೇ ಕೈ ಎತ್ತಿದ. ಅಪ್ಪನ ಜೊತೆ ಯಕ್ಷಗಾನ ಆಟಕ್ಕೆ ಹೋಗುವವನು. "ಅಂಬೆಯ ಹಾಗೆ ಟೀಚರ್. ಸಾಲ್ವನೂ ಬೇಡ ಅಂದ, ಭೀಷ್ಮನೂ ಬೇಡ ಅಂದ. ತಪ್ಪು ಅವಳದ್ದಲ್ಲ, ಎಲ್ಲಿಯೂ ಜಾಗ ಇಲ್ಲ." ಈ ಹೋಲಿಕೆ ನನ್ನ ಟಿಪ್ಪಣಿಯಲ್ಲಿ ಇರಲಿಲ್ಲ.

ವಿಸ್ತರಣೆ: ಮುಖ್ಯವಾಹಿನಿಯಲ್ಲಿ ಜಾಗ

ಆ ಹುಡುಗನ ಮಾತಿನಿಂದ ಮೂಲ ಪ್ರಶ್ನೆಗೆ ಬರಲು ಸುಲಭವಾಯಿತು. 'ಭೀಷ್ಮ ವಿಜಯ'ದಲ್ಲಿ ಅಂಬೆಯ ಸಂಕಟವನ್ನು ಈ ಊರುಗಳ ಜನ ಗದ್ದೆಯಲ್ಲಿ ರಾತ್ರಿಯಿಡೀ ಕೂತು ನೋಡಿದ್ದಾರೆ. ಅದು ಚಿಕ್ಕ ಗುಂಪಿನ ಕಲೆಯಲ್ಲ. ಚೆಂಡೆ, ಬಣ್ಣ, ನಡುವೆ ಹಾಸ್ಯಗಾರ, ಹೊರಗೆ ಚುರುಮುರಿ ಎಲ್ಲ ಇರುವ ಜನಪ್ರಿಯ ಕಲೆ. ಹಾಗಿದ್ದ ಮೇಲೆ 'ಜನರಿಗೆ ಗಂಭೀರವಾದದ್ದು ಬೇಡ' ಎನ್ನಲು ಬರುವುದಿಲ್ಲ. ಕತೆಯ ಸುತ್ತ ಏನನ್ನು ಕಟ್ಟಿ ಕೊಡುತ್ತೇವೆ ಎಂಬುದು ಮುಖ್ಯ. ಪುಟ್ಟಣ್ಣನವರು ಮಾಡಿದ್ದೂ ಅದನ್ನೇ. ತ್ರಿವೇಣಿಯವರ 'ಬೆಳ್ಳಿ ಮೋಡ'ದಿಂದ (1967) ಹಿಡಿದು ಭಾರತೀಸುತರ 'ಎಡಕಲ್ಲು ಗುಡ್ಡದ ಮೇಲೆ' (1973) ತನಕ, ಜನ ಆಗಲೇ ಓದುತ್ತಿದ್ದ ಕಾದಂಬರಿಗಳನ್ನು ಜನ ಪ್ರೀತಿಸುತ್ತಿದ್ದ ತಾರೆಯರ ಕೈಯಲ್ಲಿ ಆಡಿಸಿದರು.

ಮನೆಗೆಲಸವಾಗಿ, ಹಿರಿಯರು 'ಶರಪಂಜರ' ನೋಡಿದ್ದಾರೆಯೇ ಎಂದು ಕೇಳಿಬರಲು ಹೇಳಿದೆ. ಏಳು ಮಕ್ಕಳು ಉತ್ತರ ತಂದರು. ಒಬ್ಬರ ಅಜ್ಜಿಗೆ ಕತೆ ಮರೆತಿತ್ತು, ಕಲ್ಪನಾ ಉಟ್ಟ ಸೀರೆಗಳು ನೆನಪಿದ್ದವು. ಇನ್ನೊಬ್ಬರ ಅಜ್ಜಿ, 'ಅವಳ ಗಂಡನಿಗೆ ಎರಡು ಕೊಡಬೇಕು ಅನ್ನಿಸಿತ್ತು' ಎಂದರಂತೆ. ಇದು ಸಣ್ಣ ವಿಷಯವಲ್ಲ. ಸೀರೆ ನೋಡಲು ಹೋದವರೂ ಕಾವೇರಿಯ ಪರವಾಗಿ ಸಿಟ್ಟು ಹೊತ್ತು ಮನೆಗೆ ಬಂದರು. 1971ರಲ್ಲಿ ನಮ್ಮ ದೇಶದಲ್ಲಿ ಜಾರಿಯಲ್ಲಿದ್ದ ಕಾಯ್ದೆಯ ಹೆಸರೇ 1912ರ 'ಇಂಡಿಯನ್ ಲೂನಸಿ ಆಕ್ಟ್', ಅಂದರೆ ಹುಚ್ಚಿನ ಕಾಯ್ದೆ. ಅದು ಹೋಗಿ ಮಾನಸಿಕ ಆರೋಗ್ಯ ಕಾಯ್ದೆ ಬಂದದ್ದು 1987ರಲ್ಲಿ. ರೋಗಿಯ ಹಕ್ಕುಗಳನ್ನು ಮುಂದಿಟ್ಟ ಈಗಿನ ಕಾಯ್ದೆ 2017ರದ್ದು. ಕಾನೂನು ತನ್ನ ಭಾಷೆ ಬದಲಿಸುವ ಮೊದಲೇ ಒಂದು ಜನಪ್ರಿಯ ಸಿನಿಮಾ ಪ್ರೇಕ್ಷಕರನ್ನು ರೋಗಿಯ ಬದಿಯಲ್ಲಿ ಕೂರಿಸಿತ್ತು.

ಈಗ? "ಅಂಥ ಸಿನಿಮಾ ಬರುದಿಲ್ಲ" ಎಂದರು ಕೆಲವರು. "ಬರ್ತದೆ, ನಾವು ನೋಡುದಿಲ್ಲ" ಎಂದಳು ಒಬ್ಬಳು. ಎರಡಕ್ಕೂ ಉದಾಹರಣೆ ಕೊಟ್ಟೆ. ತುಳು ಸಿನಿಮಾ ಶುರುವಾದದ್ದು 1971ರ 'ಎನ್ನ ತಂಗಡಿ'ಯಿಂದ. 2011ರ 'ಒರಿಯರ್ದೊರಿ ಅಸಲ್' ಗೆದ್ದ ನಂತರ ನಮ್ಮ ಮಕ್ಕಳಿಗೆ ತುಳು ಸಿನಿಮಾ ಎಂದರೆ ಹಾಸ್ಯ. ಮಲ್ಪೆಯ ಮೀನುಗಾರರ ನಡುವೆ ಶೇಕ್ಸ್‌ಪಿಯರನ 'ಮ್ಯಾಕ್‌ಬೆತ್'ಅನ್ನು ನೆಟ್ಟ ಅಭಯಸಿಂಹರ 'ಪಡ್ಡಾಯಿ' ರಾಷ್ಟ್ರ ಪ್ರಶಸ್ತಿ ಪಡೆದರೂ ತರಗತಿಯಲ್ಲಿ ಅದರ ಹೆಸರು ಕೇಳಿದವರು ಇಬ್ಬರೇ. ಇನ್ನೊಂದು ಕಡೆ, 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಹಲವರಿಗೆ ಗೊತ್ತಿತ್ತು. ಅಲ್ಝೈಮರ್ಸ್ ಇರುವ ತಂದೆ ಕಳೆದುಹೋಗುವ ಕತೆ, ತಂದೆಯಾಗಿ ಅನಂತನಾಗ್. ಹುಡುಕಾಟ, ರೌಡಿಗಳು, ಹಾಡು ಎಲ್ಲ ಉಂಟು; ನಡುವೆ ತಂದೆಯನ್ನು ದೂರ ಇಟ್ಟ ಮಗನ ತಪ್ಪೂ ಉಂಟು. ಮುಖ್ಯವಾಹಿನಿಯಲ್ಲಿ ಪ್ರೌಢ ಕತೆಯ ಜಾಗ ಕಿರಿದಾಗಿದೆ, ಮುಚ್ಚಿಲ್ಲ ಎಂಬ ತೀರ್ಮಾನಕ್ಕೆ ತರಗತಿ ಬಂತು.

ಚಿತ್ರವನ್ನೂ ತಿದ್ದಬೇಕು

ಚಿತ್ರವನ್ನು ಹೊಗಳಿ ಮುಗಿಸುವುದು ಸರಿಯಲ್ಲ ಎಂದು ಮಾರ್ಗದರ್ಶಕ ಶಿಕ್ಷಕಿಯವರು ಎಚ್ಚರಿಸಿದರು. ಮದುವೆಗೆ ಮುಂಚಿನ ಒಂದು ಕಹಿ ಘಟನೆಯ ಪಾಪಪ್ರಜ್ಞೆ ಕಾವೇರಿಯ ಕಾಯಿಲೆಯ ಬೇರು ಎಂಬಂತೆ ಕತೆ ಸಾಗುತ್ತದೆ. ಕೊನೆಗೆ ಅವಳು ಆಸ್ಪತ್ರೆಗೆ ಮರಳುತ್ತಾಳೆ. ಇಷ್ಟನ್ನೇ ಬಿಟ್ಟರೆ ಮಕ್ಕಳ ಮನಸ್ಸಿನಲ್ಲಿ ಉಳಿಯುವುದು ಎರಡು ತಪ್ಪು: ಕಾಯಿಲೆಗೆ ರೋಗಿಯ ಹಿಂದಿನ ನಡತೆ ಕಾರಣ; ಬಂದ ಕಾಯಿಲೆ ಹೋಗುವುದಿಲ್ಲ. ಹಾಗಾಗಿ ಕೊನೆಯ ಹತ್ತು ನಿಮಿಷ ವಿಜ್ಞಾನಕ್ಕೆ ಕೊಟ್ಟೆ. ನಮ್ಮ ಹಿರಿಯರು 'ಬಾಣಂತಿ ಸನ್ನಿ' ಎಂದದ್ದನ್ನು ಇಂದಿನ ವೈದ್ಯರು ತುರ್ತು ಚಿಕಿತ್ಸೆ ಬೇಕಾದ ಕಾಯಿಲೆ ಎನ್ನುತ್ತಾರೆ. ಸಾವಿರ ಹೆರಿಗೆಗೆ ಒಂದೆರಡರಲ್ಲಿ, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ. ಸರಿಯಾದ ಚಿಕಿತ್ಸೆಯಿಂದ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಹಲಗೆಯ ಮೂಲೆಯಲ್ಲಿ 14416 ಎಂದು ಬರೆದೆ. 2022ರಲ್ಲಿ ಆರಂಭವಾದ 'ಟೆಲಿ ಮಾನಸ್' ಸಹಾಯವಾಣಿ. ಕನ್ನಡದಲ್ಲಿ ಮಾತಾಡಬಹುದು, ಹಣ ಕೊಡಬೇಕಿಲ್ಲ. ಹಲವರು ಅದನ್ನು ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡರು. ಯಾರು ಬರೆದುಕೊಂಡರೆಂದು ನಾನು ನೋಡಲಿಲ್ಲ.

ಮೌಲ್ಯಮಾಪನ

ಐದು ವಾಕ್ಯಗಳ ವಿಮರ್ಶೆ ಬರೆಸಿದೆ. 'ಸೂಪರ್' ಪೂರ್ತಿ ಹೋಗಲಿಲ್ಲ, ಹೋಗಬೇಕಾಗಿಯೂ ಇಲ್ಲ. ಆದರೆ ಹೆಚ್ಚಿನ ಉತ್ತರಗಳಲ್ಲಿ 'ಯಾಕೆಂದರೆ' ಎಂಬ ಪದ ಬಂದಿತ್ತು. ಮೊದಲ ಪಾಠದ ನಂತರದ ಬರವಣಿಗೆಯಲ್ಲಿ ಅದು ಇರಲಿಲ್ಲ. ಪುರುಷ ಬದಲಿಸುವ ಅಭ್ಯಾಸದಲ್ಲಿ ಕ್ರಿಯಾಪದದ ತಪ್ಪು ಇನ್ನೂ ಇದೆ. 'ನೀವು ಬಂದಳು' ಎಂದು ಬರೆದವರಿದ್ದಾರೆ. ಅದಕ್ಕೆ ಇನ್ನೊಂದು ಅವಧಿ ಬೇಕು.

ಮಿತ್ರ ಪ್ರಶಿಕ್ಷಣಾರ್ಥಿಗಳಿಗೆ

ಈ ಬಗೆಯ ಪಾಠ ಮಾಡುವವರಿಗೆ ನನ್ನ ಅನುಭವದಿಂದ ಕೆಲವು ಮಾತು. ಕಾಯಿಲೆ, ಸಾವು, ಅವಮಾನ ಇವನ್ನು ಮಕ್ಕಳಿಂದ ಅಭಿನಯಿಸಬೇಡಿ, ಸುತ್ತಲಿನವರನ್ನು ಅಭಿನಯಿಸಿ. 'ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಿದೆಯೇ?' ಎಂದು ಎಲ್ಲರೆದುರು ಕೇಳಬೇಡಿ. ಕೇಳದೆಯೂ ತರಗತಿಯಲ್ಲಿ ಒಬ್ಬರಾದರೂ ಇದ್ದಾರೆ ಎಂದುಕೊಂಡೇ ಯೋಜಿಸಿ. ಮಗು ತಾನಾಗಿ ಹೇಳಿದ್ದನ್ನು ಸ್ಟಾಫ್ ರೂಮಿನ ಮಾತಾಗಿಸಬೇಡಿ. ಸಹಾಯ ಬೇಕಿದ್ದರೆ ಮಗುವಿಗೆ ಹೇಳಿಯೇ ಜವಾಬ್ದಾರಿಯುತರೊಬ್ಬರಿಗೆ ತಿಳಿಸಿ. ಚಿತ್ರವನ್ನು ನೀವು ಮೊದಲು ಪೂರ್ತಿ ನೋಡಿ, ಎಷ್ಟನ್ನು ಹೇಳುವುದು, ಎಷ್ಟನ್ನು ಬಿಡುವುದು ಎಂದು ಹಿರಿಯ ಶಿಕ್ಷಕರ ಜೊತೆ ತೀರ್ಮಾನಿಸಿ. ಮೌನ ಬಂದರೆ ಹೆದರಬೇಡಿ.

ಮೊದಲ ದಿನ ಬಾಗಿಲಲ್ಲಿ ನಿಂತಿದ್ದ ಹುಡುಗಿ ಎರಡನೇ ಪಾಠದಲ್ಲಿ ಒಂದು ಮಾತೂ ಆಡಲಿಲ್ಲ. ನನ್ನ ಇಂಟರ್ನ್‌ಶಿಪ್ ಮುಗಿಯುವ ವಾರ, ಕಾರಿಡಾರಿನಲ್ಲಿ ಎದುರಾದಾಗ ಹೇಳಿದಳು: "ದೊಡ್ಡಮ್ಮನ ಹತ್ರವೇ ಕೇಳಿದೆ ಟೀಚರ್, ನಿಮಗೆ ಚಾ ಬೇಕಾ ಅಂತ." ಏನೆಂದರು ಎಂದು ಕೇಳಿದೆ.

"ಬೇಡ ಅಂದ್ರು. ಆದ್ರೆ ನನ್ನ ಹತ್ರ ಹೇಳಿದ್ರು."

ಅವಳ ಒಪ್ಪಿಗೆ ಪಡೆದು ಈ ಮಾತನ್ನು ಇಲ್ಲಿ ಬರೆದಿದ್ದೇನೆ. ಬೋಧನಾಭ್ಯಾಸದ ಕಡತದಲ್ಲಿ ಇದನ್ನು ಸೇರಿಸಿಲ್ಲ. ಇದಕ್ಕೆ ಅಂಕದ ಕಾಲಂ ಇಲ್ಲ.